ಗಡಿಯಾರ ಸಾಕು, ಚಕ್ಕುಬಂದಿ ಕೊಡಿ

ಇವರಿಗೆ,
ಶಿಕಾರಿಪುರ–ಸೊರಬ ಸೀಮೆಯಲ್ಲಿ ಸೈಟು ಕೊಡಿಸುವ ಸಮಸ್ತ ಮಹನೀಯರಿಗೆ

ಇಂದ,
ತಾಳಗುಂದದ ಒಬ್ಬ ಗ್ರಾಮಸ್ಥ

ವಿಷಯ: ರಿಜಿಸ್ಟ್ರಿ ಮುಗಿದ ಮೇಲೆ ತಾವು ದಯಪಾಲಿಸುವ ಉಡುಗೊರೆ
ಉಲ್ಲೇಖ: 1) ತಮ್ಮ ಗೋಡೆ ಗಡಿಯಾರ 2) ನಮ್ಮೂರಿನ ಕಲ್ಲು

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಗಡಿಯಾರ ಸಾಕು.

ನಮ್ಮ ಕಡೆ ಈಗ ಯಾರು ಸೈಟು ತಗೊಂಡಿದ್ದಾರೆ ಎಂದು ಬಾಯಿಬಿಟ್ಟು ಕೇಳಬೇಕಾಗಿಲ್ಲ. ಒಳಗೆ ಹೋಗಿ ಗೋಡೆ ನೋಡಿದರೆ ಗೊತ್ತಾಗುತ್ತದೆ. ಗಡಿಯಾರವಿದ್ದರೆ ಸಣ್ಣ ಸೈಟು. ಸುತ್ತ ಕೆಂಪು ಹಸಿರು ದೀಪ ಓಡುವ ತಿರುಪತಿ ತಿಮ್ಮಪ್ಪನ ಫೋಟೋ ಇದ್ದರೆ ಮೂವತ್ತು ನಲವತ್ತರ ಸೈಟು. ಅಡುಗೆಮನೆಯಲ್ಲಿ ಐದು ಲೀಟರಿನ ಕುಕ್ಕರ್ ಕೂತಿದ್ದರೆ ಕಾರ್ನರ್ ಸೈಟು. ನಾನು ಹತ್ತಿರದಿಂದ ಕಂಡ ಒಂದು ಫೋಟೋದಲ್ಲಿ ದೇವರ ಪಾದದ ಕೆಳಗೆ, ಸ್ವಾಮಿಯ ಹೆಸರಿಗಿಂತ ದಪ್ಪ ಅಕ್ಷರದಲ್ಲಿ, ತಮ್ಮ ಆಫೀಸಿನ ಹೆಸರು, ಎರಡು ಮೊಬೈಲ್ ನಂಬರು, ಕೊನೆಗೆ ‘ಸೈಟು, ಜಮೀನು, ತೋಟ ಕೊಡಿಸಲಾಗುವುದು’ ಎಂದಿತ್ತು. ಆ ಮನೆಯ ಅಜ್ಜಿ ದಿನಾ ಬೆಳಿಗ್ಗೆ ಅದಕ್ಕೇ ಹೂ ಏರಿಸಿ ಕೈ ಮುಗಿಯುತ್ತಾರೆ. ಪುಣ್ಯದಲ್ಲಿ ತಮಗೂ ಪಾಲು ಸಂದಾಯವಾಗುತ್ತಿರಬಹುದು, ಎರಡು ಪರ್ಸೆಂಟ್.

ಉಡುಗೊರೆ ಕೊಡುವ ಹೊತ್ತನ್ನು ತಾವು ಆರಿಸಿಕೊಂಡಿರುವುದೂ ಮೆಚ್ಚಬೇಕಾದ್ದೇ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಫೋಟೋ, ಹೆಬ್ಬೆರಳು ಎಲ್ಲ ಕೊಟ್ಟು ಆಚೆ ಬಂದವನಿಗೆ ತಲೆ ಖಾಲಿ, ಜೇಬೂ ಖಾಲಿ. ಅಷ್ಟರಲ್ಲಿ ತಮ್ಮ ಹುಡುಗ ಕಾರಿನ ಡಿಕ್ಕಿಯಿಂದ ಜರಿ ಕಾಗದ ಸುತ್ತಿದ ಡಬ್ಬಿ ತರುತ್ತಾನೆ. ಗಂಡ ಹೆಂಡತಿಯನ್ನು ನಿಲ್ಲಿಸಿ ಒಂದು ಫೋಟೋ. ಅವರು ಮನೆ ಮುಟ್ಟುವುದರೊಳಗೆ ಅದು ತಮ್ಮ ವಾಟ್ಸಾಪ್ ಸ್ಟೇಟಸ್ಸಿನಲ್ಲಿ: ‘ಮತ್ತೊಂದು ಸಂತೃಪ್ತ ಕುಟುಂಬ’. ಸಂತೃಪ್ತಿ ಹೌದೋ ಅಲ್ಲವೋ ಎಂಬುದು ಮ್ಯುಟೇಶನ್ನಿಗೆ ಅರ್ಜಿ ಹಾಕಿದ ಮೇಲೆ ತಿಳಿಯುವ ಸಂಗತಿ.

ಲೆಕ್ಕಕ್ಕೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹನ್ನೆರಡು ಲಕ್ಷದ ಸೈಟಿಗೆ ಎರಡು ಪರ್ಸೆಂಟ್ ಕಮಿಷನ್ ಅಂದರೆ 24,000. ಮಾರಿದವನಿಂದ ಇನ್ನೊಂದು 24,000. ಅದರಲ್ಲಿ ಐನೂರರ ಗಡಿಯಾರ ತಂದು, ನಮ್ಮ ದುಡ್ಡನ್ನೇ ನಮಗೆ ರಿಬ್ಬನ್ ಕಟ್ಟಿ ಕೊಟ್ಟು, ಮೇಲಿಂದ ‘ನಿಮ್ಮ ಪ್ರೀತಿಗೆ’ ಅನ್ನುತ್ತೀರಿ. ದಾನಶೂರ ಕರ್ಣನಿಗೂ ಈ ಉಪಾಯ ಹೊಳೆದಿರಲಿಲ್ಲ. ಪಾಪ, ಸ್ವಂತ ಕವಚವನ್ನೇ ಕಿತ್ತುಕೊಟ್ಟ.

ಇದು ನಮ್ಮ ಹೋಬಳಿಯ ಆವಿಷ್ಕಾರವೇನಲ್ಲ ಬಿಡಿ. ಅಮೆರಿಕಕ್ಕೆ ಹೋದ ನಮ್ಮ ಹುಡುಗರು ಮನೆ ಕೊಂಡಾಗಲೂ ಅಲ್ಲಿಯ ಏಜೆಂಟರು ಬೀಗದ ಕೈ ಜೊತೆ ಏನಾದರೊಂದು ಕೊಡುತ್ತಾರೆ: ಹಣ್ಣಿನ ಬುಟ್ಟಿ, ಇಲ್ಲವೇ ಮನೆತನದ ಹೆಸರು ಕೆತ್ತಿದ ತರಕಾರಿ ಹೆಚ್ಚುವ ಮಣೆ. ಆ ದೇಶದ ತೆರಿಗೆ ಕಾನೂನು ಇಂಥ ವ್ಯವಹಾರದ ಉಡುಗೊರೆಗೆ ಖರ್ಚು ತೋರಿಸಲು ಒಬ್ಬರಿಗೆ ವರ್ಷಕ್ಕೆ 25 ಡಾಲರ್ ಎಂದು 1962ರಲ್ಲಿ ಮಿತಿ ಹಾಕಿತು. ಮನೆಗಳ ಬೆಲೆ ಆಕಾಶಕ್ಕೆ ಹೋದರೂ ಆ 25 ಅಲ್ಲೇ ಕೂತಿದೆ. ಉಡುಗೊರೆಯ ನಿಜವಾದ ತೂಕ ಎಷ್ಟೆಂದು ಅವರ ಸರ್ಕಾರಕ್ಕೆ ಮೊದಲೇ ಗೊತ್ತಿತ್ತು.

ಈಗ ಎರಡನೇ ಉಲ್ಲೇಖಕ್ಕೆ ಬರುತ್ತೇನೆ. ತಾವು ದಿನಾ ಶಿರಾಳಕೊಪ್ಪದ ಮೇಲೆ ಓಡಾಡುವವರು, ಒಮ್ಮೆ ಗಾಡಿ ನಿಲ್ಲಿಸಿ ನಮ್ಮೂರ ಪ್ರಣವೇಶ್ವರನ ಗುಡಿಗೆ ಬನ್ನಿ. ಎದುರಿಗೆ ಕಂಬವಿದೆ. ಕದಂಬರ ಶಾಂತಿವರ್ಮನ ಕಾಲಕ್ಕೆ, ಅಂದರೆ 5ನೇ ಶತಮಾನದಲ್ಲಿ, ಕುಬ್ಜನೆಂಬ ಕವಿ ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದ. ಕಂಚಿಗೆ ಓದಲು ಹೋದ ಮಯೂರಶರ್ಮ ಪಲ್ಲವರ ಕುದುರೆ ಸವಾರನಿಂದಾದ ಜಗಳಕ್ಕೆ ಸಿಟ್ಟಾಗಿ ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದದ್ದು, ಕಾಕುಸ್ಥವರ್ಮ ಇಲ್ಲಿ ಕೆರೆ ತೋಡಿಸಿದ್ದು, ಎಲ್ಲವೂ ಅದರಲ್ಲಿದೆ. ಒಂದು ಅವಮಾನಕ್ಕೆ ರಾಜ್ಯವನ್ನೇ ಕಟ್ಟಿದವನ ಊರಿನ ಜನಕ್ಕೆ ತಾವು ಕುಕ್ಕರ್ ಕೊಟ್ಟು ಸಮಾಧಾನ ಮಾಡುತ್ತೀರಿ. ಇರಲಿ.

ಕಂಬಕ್ಕಿಂತ ನನಗೆ ಹತ್ತಿರವಾದದ್ದು ಇನ್ನೊಂದು ಕಲ್ಲು. 2013ರಲ್ಲಿ ಪುರಾತತ್ವ ಸರ್ವೇಕ್ಷಣ ಇಲಾಖೆಯವರು ಗುಡಿಯ ಆವರಣ ಅಗೆದಾಗ ಸಿಂಹಕಟಾಂಜನವೊಂದು, ಅಂದರೆ ಮೆಟ್ಟಿಲ ಪಕ್ಕದ ಸಿಂಹದ ಕಲ್ಲು, ಸಿಕ್ಕಿತು. ಅದರ ಮೇಲಿನ ಬರಹದಲ್ಲಿ ಕನ್ನಡ ಪದಗಳಿವೆ. ಇಲಾಖೆ ಅದನ್ನು ಕ್ರಿ.ಶ. 370ರದ್ದು ಎನ್ನುತ್ತದೆ, ಅಂದರೆ ಹಲ್ಮಿಡಿ ಶಾಸನಕ್ಕಿಂತ ಹಳೆಯದು. ಅದರಲ್ಲಿರುವ ವಿಷಯ ಯುದ್ಧವಲ್ಲ, ದಿಗ್ವಿಜಯವಲ್ಲ. ವಾಜಿನಾಗನೆಂಬ ಅಂಬಿಗನಿಗೆ ಜಮೀನು ಕೊಟ್ಟ ಸಂಗತಿ. ದೋಣಿ ನಡೆಸುವವನಿಗೆ ಸಿಕ್ಕ ಹೊಲದ ಪತ್ರ! ಆ ವಾಜಿನಾಗನಿಗೆ ಯಾರೂ ಗಡಿಯಾರ ಕೊಟ್ಟಂತೆ ಕಾಣುವುದಿಲ್ಲ. ಅವನ ಹೆಸರನ್ನು ಕಲ್ಲಿಗೆ ಹಾಕಿಸಿದರು. ಸಾವಿರದ ಆರುನೂರು ವರ್ಷ ಕಳೆದರೂ ಅವನ ದಾಖಲೆ ಓದಬಹುದು. ತಾವು ಕೊಡಿಸಿದ ಸೈಟಿನ ದಾಖಲೆ ಗ್ರಾಮ ಪಂಚಾಯ್ತಿ ಕಂಪ್ಯೂಟರಿನಲ್ಲಿ ‘ಸರ್ವರ್ ಡೌನ್’ ಆಗಿ ಮಲಗಿರುತ್ತದೆ.

ಇದೇ ಗುಡಿಯ ವಿಚಾರಕ್ಕೆ ಇನ್ನೊಂದು ಮಾತು. ‘ಐತಿಹಾಸಿಕ ಸ್ಥಳದ ಪಕ್ಕದಲ್ಲೇ’ ಎಂದು ತಾವು ರಾಗ ಎಳೆಯುತ್ತೀರಿ. ಕೇಂದ್ರದ ಸಂರಕ್ಷಣೆಯಲ್ಲಿರುವ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಇಲ್ಲದೆ ಇಟ್ಟಿಗೆ ಇಡುವಂತಿಲ್ಲ ಎಂದು ಸ್ಮಾರಕ ಕಾಯ್ದೆಯ 2010ರ ತಿದ್ದುಪಡಿ ಹೇಳುತ್ತದೆ. ಗುಡಿ ಕಾಣುವಷ್ಟು ಹತ್ತಿರದ ಸೈಟು ತೋರಿಸುವಾಗ ತಮಗೆ ಈ ವಾಕ್ಯ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಗಂಟಲು ಸರಿಮಾಡಿಕೊಳ್ಳಲು ಶುಂಠಿ ಕಷಾಯದ ಪೊಟ್ಟಣವನ್ನು ನಾವೇ ತಮಗೆ ಉಡುಗೊರೆ ಕೊಡಲು ಸಿದ್ಧ.

ಹಾಗಾದರೆ ನಮಗೆ ಏನು ಬೇಕು? ಬಹಳ ಕಡಿಮೆ ಬೆಲೆಯದು. ‘ಇ-ಸ್ವತ್ತು ಆಗಿದೆ ಸಾರ್’ ಎಂದಾಗ ಯಾವ ನಮೂನೆ ಎಂದೂ ಹೇಳಿ. 9 ಮತ್ತು 11ಎ ಬೇರೆ, 11ಬಿ ಬೇರೆ, ಬ್ಯಾಂಕಿನವರು ಮುಖ ನೋಡುವ ರೀತಿಯೂ ಬೇರೆ. ಭೂಪರಿವರ್ತನೆಯ ಆದೇಶ ಇದೆಯೋ, ಇಲ್ಲ ಗದ್ದೆಯ ಬದುವಿಗೇ ಸುಣ್ಣ ಬಳಿದು ರಸ್ತೆ ಎನ್ನುತ್ತಿದ್ದೀರೋ ತಿಳಿಸಿ. ಋಣಭಾರ ಪತ್ರ ತೋರಿಸಿ ‘ಕ್ಲಿಯರ್’ ಎನ್ನುವ ಮುಂಚೆ, ಅದರಲ್ಲಿ ನೋಂದಣಿಯಾದ ವ್ಯವಹಾರ ಮಾತ್ರ ಬರುತ್ತದೆ, ಅಣ್ಣ ತಮ್ಮಂದಿರ ಬಾಯಿಮಾತಿನ ಪಾಲು ಬರುವುದಿಲ್ಲ ಎಂಬುದನ್ನೂ ಸೇರಿಸಿ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ 1978ರ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದ ಮಾರಾಟ ನಿಲ್ಲುವುದಿಲ್ಲ. ಅದನ್ನು ನಾವು ಕೋರ್ಟಿನ ನೋಟಿಸಿನಿಂದ ಕಲಿಯುವುದು ಬೇಡ. ಮುಖ್ಯವಾಗಿ ಚಕ್ಕುಬಂದಿ: ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಯಾರು. ಪತ್ರದಲ್ಲಿ ‘ಉತ್ತರಕ್ಕೆ ರಸ್ತೆ’ ಎಂದು ಬರೆಸುತ್ತೀರಿ, ಜಾಗಕ್ಕೆ ಹೋಗಿ ನಿಂತರೆ ಉತ್ತರಕ್ಕೆ ಯಾರದೋ ಶುಂಠಿ ಪಾತಿ.

ಇದೆಲ್ಲ ಕೇಳುವುದು ದುರಾಸೆ ಎಂದುಕೊಳ್ಳಬೇಡಿ. 2016ರ ರೇರಾ ಕಾಯ್ದೆಯ 10ನೇ ಕಲಮು, ಕೊಳ್ಳುವವನಿಗೆ ಸಲ್ಲಬೇಕಾದ ಎಲ್ಲ ಮಾಹಿತಿ, ದಾಖಲೆ ಬುಕಿಂಗ್ ಹೊತ್ತಿಗೇ ಸಿಗುವಂತೆ ಮಾಡುವುದು ಏಜೆಂಟನ ಕೆಲಸ ಎನ್ನುತ್ತದೆ. ರೇರಾ ಅಡಿಯ ಲೇಔಟಿನ ಸೈಟು ಕೊಡಿಸುವವರು ನೋಂದಣಿ ಮಾಡಿಸಿರಬೇಕು. ಮಾಡಿಸದಿದ್ದರೆ ದಿನಕ್ಕೆ 10,000 ರೂಪಾಯಿ ದಂಡ. ಅಂದರೆ ಸರ್ಕಾರ ತಮ್ಮ ಉಡುಗೊರೆ ಏನೆಂದು ಆಗಲೇ ತೀರ್ಮಾನಿಸಿದೆ, ತಾವೇ ಅಂಗಡಿ ತಪ್ಪಿ ಪಾತ್ರೆ ಅಂಗಡಿಗೆ ಹೋಗಿದ್ದೀರಿ.

ನಮ್ಮ ಸೀಮೆಯ ಹಳೆಯ ದಾನಶಾಸನಗಳ ಕೊನೆಗೆ ಒಂದು ಶಾಪ ಇರುತ್ತಿತ್ತು: ಕೊಟ್ಟ ಭೂಮಿಯನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಹೇಲಿನ ಹುಳುವಾಗಿ ಹುಟ್ಟುತ್ತಾನೆ ಎಂದು. ಇಂದಿನ ಕ್ರಯಪತ್ರದಲ್ಲಿ ಅದರ ಜಾಗಕ್ಕೆ ‘ಮುಂದೆ ಏನಾದರೂ ತಂಟೆ ತಕರಾರು ಬಂದಲ್ಲಿ ಸ್ವಂತ ಖರ್ಚಿನಿಂದ ಪರಿಹರಿಸಿಕೊಡುತ್ತೇನೆ’ ಎಂಬ ಸಾಲಿದೆ. ಅದಕ್ಕೆ ರುಜು ಹಾಕುವವನು ಮಾರಿದವನು. ತಾವು ಬಹಳವೆಂದರೆ ಸಾಕ್ಷಿ, ಅದೂ ಎರಡನೆಯವರು. ಹುಳುವಿನ ಜನ್ಮದಿಂದ ಇಷ್ಟು ಅಚ್ಚುಕಟ್ಟಾಗಿ ತಪ್ಪಿಸಿಕೊಂಡ ವೃತ್ತಿ ಇನ್ನೊಂದಿಲ್ಲ.

ಆದ್ದರಿಂದ ಮಾನ್ಯರೇ, ಮುಂದಿನ ರಿಜಿಸ್ಟ್ರಿಯ ದಿನ ಡಿಕ್ಕಿಯಿಂದ ಡಬ್ಬಿ ತೆಗೆಯಬೇಡಿ. ಅದಕ್ಕೂ ಮುಂಚೆ, ಅಡ್ವಾನ್ಸ್ ತಗೊಳ್ಳುವ ದಿನವೇ, ದಾಖಲೆಗಳ ಒಂದು ಫೈಲು ಕೊಡಿ. ಸರ್ವೆಯವರನ್ನು ಕರೆಸಿ ನಾಲ್ಕು ಮೂಲೆಗೆ ಕಲ್ಲು ನೆಡಿಸಿ, ಅಕ್ಕಪಕ್ಕದವರನ್ನು ಕರೆದು ಅವರ ಎದುರೇ ನೆಡಿಸಿ. ಕಲ್ಲಿನ ಮೇಲೆ ತಮ್ಮ ಹೆಸರು, ಎರಡೂ ಮೊಬೈಲ್ ನಂಬರು ಬರೆಸಿಕೊಳ್ಳಿ, ನಮ್ಮ ಅಭ್ಯಂತರವಿಲ್ಲ. ತಕರಾರು ಬಂದ ದಿನ ಆ ನಂಬರಿಗೆ ಫೋನ್ ಮಾಡಿದರೆ ಎತ್ತಬೇಕು, ಅಷ್ಟೇ.

ಇತಿ ತಮ್ಮ ವಿಶ್ವಾಸಿ,
ತಾಳಗುಂದದ ಗ್ರಾಮಸ್ಥ

ವಿ.ಸೂ.: ಈ ಪತ್ರ ಓದುತ್ತಿರುವ ಸೈಟು ಕೊಳ್ಳುವವರ ಗಮನಕ್ಕೆ: ಪಹಣಿ, ಋಣಭಾರ ಪತ್ರ ಎರಡನ್ನೂ ಸರ್ಕಾರಿ ಶುಲ್ಕ ಕಟ್ಟಿ ತಾವೇ ತೆಗೆಸಬಹುದು. ಎರಡಕ್ಕೂ ಸೇರಿ ಒಂದು ಗಡಿಯಾರದ ದುಡ್ಡು ಆಗುವುದಿಲ್ಲ.