ಮಗ್ಗುಲು ಚಾರ್ಟಿನೊಡನೆ ಒಂದು ಸಂದರ್ಶನ

ಹಾಸಿಗೆ ಹಿಡಿದ ವೃದ್ಧರ ಬೆನ್ನು, ಸೊಂಟ, ಹಿಮ್ಮಡಿಗಳಲ್ಲಿ ಒಂದೇ ಕಡೆ ಭಾರ ಬಿದ್ದು, ರಕ್ತಸಂಚಾರ ಕುಂದಿ, ಚರ್ಮ ಕೊಳೆತು ಆಗುವ ಗಾಯವನ್ನು ಬೆಡ್‌ಸೋರ್ ಅಥವಾ ಹಾಸಿಗೆ ಹುಣ್ಣು ಎನ್ನುತ್ತಾರೆ. ಅದನ್ನು ತಡೆಯಲು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂಬುದು ಶುಶ್ರೂಷೆಯ ರೂಢಿಯ ಪಾಠ. ಹಾಗೆ ಬದಲಿಸಿದ್ದಕ್ಕೆ ಗುರುತು ಹಾಕುವ ಹಾಳೆಯೇ ಮಗ್ಗುಲು ಚಾರ್ಟು. ಬೆಂಗಳೂರಿನ ಹೊರವಲಯದ ಕಾಲ್ಪನಿಕ ವೃದ್ಧಾಶ್ರಮವೊಂದರಲ್ಲಿ ಮಂಚದ ಕಾಲದೆಸೆಗೆ ತೂಗುಬಿದ್ದಿರುವ ಅಂಥದೊಂದು ಚಾರ್ಟು, ಹಾಸಿಗೆಯ ಸಂಖ್ಯೆಯನ್ನು ಬಹಿರಂಗಪಡಿಸಬಾರದೆಂಬ ಷರತ್ತಿನ ಮೇಲೆ ಸಂದರ್ಶನಕ್ಕೆ ಒಪ್ಪಿತು.

ಸಂದರ್ಶಕರು: ರಾತ್ರಿಯ ಎಲ್ಲ ಚೌಕಗಳಲ್ಲೂ ಒಂದೇ ಪೆನ್ನಿನ, ಒಂದೇ ಓರೆಯ ಗುರುತುಗಳಿವೆಯಲ್ಲ?

ಚಾರ್ಟು: ಅದಕ್ಕೆ ಶಿಸ್ತು ಎಂದು ಹೆಸರು. ರಾತ್ರಿ 8ರಿಂದ ಬೆಳಿಗ್ಗೆ 8ರವರೆಗಿನ ಪಾಳಿಗೆ ಒಬ್ಬರೇ ಆಯಾ, ಹಾಸಿಗೆ ಹಿಡಿದವರು 20 ಮಂದಿ. ಒಬ್ಬರ ಮಗ್ಗುಲು ಬದಲಿಸಿ, ಡೈಪರ್ ನೋಡಿ, ಹಿಮ್ಮಡಿ ಹಾಸಿಗೆಗೆ ತಾಗದಂತೆ ದಿಂಬು ಇಡಲು 10 ನಿಮಿಷ ಹಿಡಿದರೂ ಒಂದು ಸುತ್ತಿಗೆ 200 ನಿಮಿಷ ಬೇಕು, ಇರುವುದು 120. ಉಳಿದ 80 ನಿಮಿಷಗಳನ್ನು ಬೆಳಗಿನ ಜಾವ ಪೆನ್ನು ಹೊಂದಿಸಿಕೊಡುತ್ತದೆ.

ಸಂದರ್ಶಕರು: ಹನ್ನೆರಡು ಗಂಟೆಯ ಪಾಳಿಗೆ ಕಾನೂನಿನ ತಡೆಯಿಲ್ಲವೇ?

ಚಾರ್ಟು: 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯು ನೌಕರರ ದುಡಿಮೆಗೆ ದಿನಕ್ಕೆ 9, ವಾರಕ್ಕೆ 48 ಗಂಟೆಗಳ ಮಿತಿ ಹಾಕಿದೆ, ಆದರೆ ಅಶಕ್ತರನ್ನು ಆರೈಕೆ ಮಾಡುವ ಸಂಸ್ಥೆಗಳನ್ನು ಅದೇ ಕಾಯ್ದೆ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಅಂಗಡಿಯಲ್ಲಿ ಸೀರೆ ಮಡಚುವ ಕೈಗೆ ದಣಿವುಂಟು, ಅಜ್ಜಿಯನ್ನು ಎತ್ತುವ ಕೈಗೆ ಇಲ್ಲ ಎಂದು ಆಡಳಿತ ಮಂಡಳಿ ಇದನ್ನು ಅರ್ಥೈಸಿಕೊಂಡಿದೆ. ಅಲ್ಲದೆ ಇದು ಸೇವೆ, ಸೇವೆಗೆ ಓವರ್‌ಟೈಮ್ ಕೇಳುವುದು ಮರ್ಯಾದೆಯಲ್ಲ.

ಸಂದರ್ಶಕರು: ತರಬೇತಿಯ ವ್ಯವಸ್ಥೆ ಹೇಗಿದೆ?

ಚಾರ್ಟು: ಏಜೆನ್ಸಿಯಿಂದ ಬಂದವರಿಗೆ ಮೊದಲ ದಿನವೇ ಸಂಪೂರ್ಣ ತರಬೇತಿ: ಡೈಪರಿನ ಬೀರು ಎಲ್ಲಿದೆ, ಗಂಜಿ ಎಷ್ಟು ಹೊತ್ತಿಗೆ, ಚಾರ್ಟು ತುಂಬುವುದು ಹೇಗೆ. ಮೈಯನ್ನು ಎಳೆದರೆ ಚರ್ಮ ತರಚುವುದರಿಂದ ಅಡ್ಡ ಹಾಸಿದ ಬಟ್ಟೆಯನ್ನು ಹಿಡಿದು ಇಬ್ಬರು ಎತ್ತಿ ಸರಿಸಬೇಕು, ಮಲಗಿಸಿ ಕುಡಿಸಿದ ಗಂಜಿ ಶ್ವಾಸನಾಳಕ್ಕೆ ಇಳಿಯಬಹುದಾದ್ದರಿಂದ ಕೂರಿಸಿಯೇ ಕುಡಿಸಬೇಕು ಎಂಬಂಥ ಪಾಠಗಳು ಮುಂದಿನ ವಾರಕ್ಕಿವೆ. ಅಷ್ಟರಲ್ಲಿ ಆಯಾ ಕೆಲಸ ಬಿಟ್ಟಿರುತ್ತಾರೆ. ಎತ್ತಬೇಕಾದ ಇಬ್ಬರಲ್ಲಿ ಇನ್ನೊಬ್ಬರು ಇನ್ನೂ ನೇಮಕಾತಿಯ ಹಂತದಲ್ಲಿದ್ದಾರೆ.

ಸಂದರ್ಶಕರು: ತಪಾಸಣೆಗೆ ಬಂದವರು ಏನೆನ್ನುತ್ತಾರೆ?

ಚಾರ್ಟು: ಸಂತೃಪ್ತರಾಗಿ ಹೋಗುತ್ತಾರೆ. ಅವರು ಹಾಳೆಯನ್ನು ಮಗುಚಿ ನೋಡುತ್ತಾರೆಯೇ ಹೊರತು ಮೈಯನ್ನಲ್ಲ.

ಇಂಥ ಚಾರ್ಟು ಸಿಕ್ಕಿಬಿದ್ದಾಗ ಮೊದಲು ನೋಟಿಸು ಹೋಗುವುದು ಆಯಾಗೆ. ಅದರಿಂದ ಚಾರ್ಟಿನ ಕೈಬರಹ ಬದಲಾದೀತು, 200 ನಿಮಿಷದ ಕೆಲಸ 120 ನಿಮಿಷದಲ್ಲಿ ಮುಗಿಯದು. ಆದ್ದರಿಂದ ಹಿರಿಯರನ್ನು ಸೇರಿಸಲು ಹೋಗುವವರು ದಾಖಲೆಗಳನ್ನು ನೋಡುವ ಮೊದಲು, ರಾತ್ರಿ ಪಾಳಿಯಲ್ಲಿ ಎಷ್ಟು ಮಂದಿಗೆ ಎಷ್ಟು ಆಯಾಗಳಿದ್ದಾರೆ, ಅವರಿಗೆ ಕೆಲಸ ಕಲಿಸಿದವರು ಯಾರು ಎಂಬ ಎರಡು ಪ್ರಶ್ನೆಗಳನ್ನು ತಪ್ಪದೆ ಕೇಳಬೇಕು.