ನಸುಕಿನ ಬಿಲ್ಲು

ಬನಹಟ್ಟಿಯ ನಮ್ಮ ಮನೆಯಲ್ಲಿ ಕರೆಂಟು ಇದ್ದಷ್ಟು ಹೊತ್ತೂ ಮಗ್ಗದ ಖಟಖಟ. ಮಗ್ಗುಲ ಖೋಲಿಯಲ್ಲೊಂದು ಹಳೇ ಕಂಪ್ಯೂಟರು. ಸೀರೆಯ ಲೆಕ್ಕ, ಬಿಲ್ಲು ಎಲ್ಲ ಅದರ ವಿಂಡೋಸ್‌ನಲ್ಲಿ. ಮುಧೋಳದಿಂದ ರಜೆಗೆ ಬಂದ ಅಕ್ಕನ ಮಗ ಅದರಲ್ಲೇ ಲಿನಕ್ಸನ್ನೂ ಹಾಕಿದ. "ಒಂದ ಮನಿಯಾಗ ಇಬ್ರು ಬಾಡಿಗಿ ಇದ್ದಂಗ ನೋಡ ಮಾಮಾ" ಎಂದ. ಜಗಳವಾಡದ ಬಾಡಿಗೆದಾರರನ್ನು ನಾನಂತೂ ಕಂಡಿಲ್ಲ.

ಗಡಿಯಾರ ಹೊಂದಿಸಲು ಲಿನಕ್ಸು ಮೊದಲು ಕೇಳಿದ್ದು ಊರು. ಪರದೆಯ ಮೇಲೆ ಜಗತ್ತಿನ ನಕ್ಷೆ. ಕೃಷ್ಣೆ, ಘಟಪ್ರಭೆ ನಡುವೆ ಇರಬಹುದೆಂದು ಅಂದಾಜಿನಲ್ಲಿ ಒತ್ತಿದೆ. ಕೋಲ್ಕತಾ ಎಂದು ಬಂತು. ಬೀಳಗಿ ಕಡೆ ಸರಿದು ಒತ್ತಿದೆ, ಕೋಲ್ಕತಾ. ಜಮಖಂಡಿಗೆ ಬಂದರೂ ಕೋಲ್ಕತಾ. ಭಾರತಕ್ಕೆಲ್ಲ ಅದೊಂದೇ ಹೆಸರಂತೆ. ಪಟ್ಟಿಯಲ್ಲಿ ದಿಲ್ಲಿಯೂ ಇಲ್ಲವೆಂದು ತಿಳಿದ ಮೇಲೆ ನನಗೆ ಸಮಾಧಾನವಾಯಿತು.

ಮಗ್ಗ ನಿಲ್ಲಿಸಿ ಬಂದ ಕಾಕಾನಿಗೆ ಆಗಲಿಲ್ಲ. "ಕಲ್ಕತ್ತಾದಾಗ ಹೊತ್ತ ಮುಳುಗಿದ್ರೂ ನಮ್ಮಲ್ಲಿ ಬಿಸಲ ಇರ್ತೈತಿ. ಅವರ ಟೈಮ್ ನಮಗ್ಯಾಕೋ ತಮ್ಮಾ?"

ಅದು ಕೋಲ್ಕತಾದ್ದೂ ಅಲ್ಲ. ಅಲ್ಲಿಯವರ ಸ್ವಂತ ಹೊತ್ತು ಗ್ರೀನಿಚ್‌ಗಿಂತ 5 ತಾಸು 53 ನಿಮಿಷ ಮುಂದಿತ್ತು. ನಾವೆಲ್ಲ ನಡೆಸುವ ಐದೂವರೆ ತಾಸಿನ ಲೆಕ್ಕ ಶುರುವಾದದ್ದು 1906ರ ಜನವರಿ 1ರಿಂದ, ಮಿರ್ಜಾಪುರದ ಹತ್ತಿರ ಹಾಯುವ 82.5 ಡಿಗ್ರಿ ರೇಖಾಂಶ ಹಿಡಿದು. ಹಟಮಾರಿ ಮುಂಬೈ 39 ನಿಮಿಷ ಹಿಂದಿನ ತನ್ನ ಹೊತ್ತನ್ನು 1955ರವರೆಗೂ ಪೂರ್ತಿ ಬಿಡಲಿಲ್ಲ. ಜಮಖಂಡಿ ಇರುವುದು 75.3 ಡಿಗ್ರಿಯ ಹತ್ತಿರ. ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ಸೂರ್ಯ ಸುಮಾರು 29 ನಿಮಿಷ ತಡ. ನೆರಳು ಕಾಲಡಿಗೆ ಬಂದಾಗಲೇ ಬುತ್ತಿ ಬಿಚ್ಚುವ ಕಾಕಾ, ಗಡಿಯಾರ ಅರ್ಧ ತಾಸು ಮುಂದೋಡುತ್ತದೆ ಎಂದು ಗೊಣಗುತ್ತಿದ್ದುದು ಸುಳ್ಳಲ್ಲ. ನಾವು ನಕ್ಕದ್ದೇ ತಪ್ಪು.

ವಾರದ ಮೇಲೆ ವ್ಯಾಪಾರಿಯ ಫೋನು. "ಏನ್ರೀ, ನಸುಕಿನ್ಯಾಗ ಐದೂವರಿಗೇ ಬಿಲ್ ಹರಿತೀರಿ?" ನಾನು ಹರಿದದ್ದು ಹನ್ನೊಂದಕ್ಕೆ. ಬಾಡಿಗೆದಾರರ ಜಗಳ ಆಗ ಗೊತ್ತಾಯಿತು. ಕಂಪ್ಯೂಟರಿನೊಳಗೆ ಗುಂಡಿಯಷ್ಟಗಲದ ಸೆಲ್ಲಿನ ಮೇಲೆ ಓಡುವ ಗಡಿಯಾರ ಒಂದೇ. ಅದರಲ್ಲಿ ಲಿನಕ್ಸು ಗ್ರೀನಿಚ್‌ನ ಹೊತ್ತು ಬರೆದಿಡುತ್ತದೆ, ತೋರಿಸುವಾಗ ಐದೂವರೆ ತಾಸು ಕೂಡಿಸುತ್ತದೆ. ವಿಂಡೋಸು ಅದನ್ನೇ ಊರಿನ ಹೊತ್ತೆಂದು ನಂಬುತ್ತದೆ. ಇಂಟರ್ನೆಟ್ ಇದ್ದಿದ್ದರೆ ತಾನೇ ತಿದ್ದಿಕೊಳ್ಳುತ್ತಿತ್ತೋ ಏನೋ. ನಮ್ಮದಕ್ಕೆ ಆ ಭಾಗ್ಯವಿಲ್ಲ.

ಅಳಿಯನಿಗೆ ಫೋನಿಸಿದೆ. ಅವನು ಅಕ್ಷರ ಅಕ್ಷರ ಹೇಳುತ್ತ ಹೋದ, ನಾನು ಒತ್ತುತ್ತ ಹೋದೆ: ಟೈಮ್‌ಡೇಟ್‌ಸಿಟಿಎಲ್, ಜಾಗ ಬಿಡು, ಸೆಟ್, ಅಡ್ಡಗೆರೆ, ಲೋಕಲ್, ಅಡ್ಡಗೆರೆ, ಆರ್‌ಟಿಸಿ, ಮತ್ತೆ ಜಾಗ ಬಿಟ್ಟು ಒಂದು. ಲಿನಕ್ಸು ಸುಮ್ಮನೆ ಒಪ್ಪಿಕೊಂಡು, ಆಮೇಲೆ ಸ್ಥಿತಿ ಕೇಳಿದಾಗ ಮನೆ ಹಿರಿಯರಂತೆ ಇದು ಒಳ್ಳೆಯದಲ್ಲವೆಂದು ಎಚ್ಚರಿಕೆ ಕೊಟ್ಟಿತು.

ಈಗ ಬಿಲ್ಲಿನ ಮೇಲೆ ಹನ್ನೊಂದಕ್ಕೆ ಹನ್ನೊಂದೇ ಬೀಳುತ್ತದೆ. ಮೊನ್ನೆ ಮತ್ತೆ ಅದೇ ವ್ಯಾಪಾರಿಯ ಫೋನು: "ಯಾಕ್ರೀ, ಈಗೀಗ ಭಾಳ ತಡಾ ಏಳಾಕತ್ತೀರಿ. ಆರಾಮ ಅದೀರಿಲ್ಲೋ?"