ಉಳಿದ ಬಣ್ಣದ ವಿನಿಯೋಗ

ವೀಣೆಗೆ ಬುರುಡೆಯುಂಟು, ತಂಬೂರಿಗೆ ಕುಂಭವುಂಟು, ಪಿಟೀಲಿಗೂ ಒಂದು ಟೊಳ್ಳಾದ ಉದರವುಂಟು. ನಾದವು ಹುಟ್ಟಿ, ಬಲಿತು, ಹೊರಗೆ ಬರುವುದಕ್ಕೆ ಇಷ್ಟಾದರೂ ಅವಕಾಶ ಬೇಕೆಂಬುದು ನಮ್ಮ ಹಿರಿಯರು ಅನುಭವದಿಂದ ಕಂಡುಕೊಂಡ ವಿಷಯ. ವಿದ್ಯುತ್ ಗಿಟಾರೆಂಬ ವಾದ್ಯ ಮಾತ್ರ ಈ ಕಟ್ಟಳೆಗೆ ಒಳಪಟ್ಟದ್ದಲ್ಲ. ಅದರ ಒಡಲೆಂಬುದು ಒಂದೂಮುಕ್ಕಾಲು ಅಂಗುಲ ದಪ್ಪದ ಗಟ್ಟಿ ಹಲಗೆ. ಅದರ ಮೇಲೆ, ಉಕ್ಕಿನ ತಂತಿಗಳ ಕೆಳಗೆ, ಕೂದಲಿನಷ್ಟು ಸಣ್ಣ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಅಯಸ್ಕಾಂತಗಳನ್ನು ಕೂರಿಸಿರುತ್ತಾರೆ. ಮೇಲಿನ ತಂತಿ ಕಂಪಿಸಿದೊಡನೆ ಆ ಸುರುಳಿಗಳಲ್ಲಿ ಹುಟ್ಟುವ ಅತಿಕ್ಷೀಣವಾದ ವಿದ್ಯುತ್ತು ಆಂಪ್ಲಿಫೈಯರನ್ನು ಸೇರಿ, ನೆರೆಮನೆಯವರು ಕಿಟಕಿ ಮುಚ್ಚಿಕೊಳ್ಳುವಷ್ಟು ದೊಡ್ಡದಾಗಿ ಹೊರಬರುತ್ತದೆ. ಇಂತಹ ಗಟ್ಟಿ ಒಡಲಿನ ಗಿಟಾರನ್ನು 1950ರಲ್ಲಿ ಮಾರುಕಟ್ಟೆಗೆ ತಂದು ಪ್ರಸಿದ್ಧನಾದ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರನು ಮೂಲತಃ ರೇಡಿಯೋ ರಿಪೇರಿಯವನೆಂದೂ, ಅವನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲವೆಂದೂ ನಾನು ನಮ್ಮ ಅತ್ತೆಯವರಿಗೆ ಒಮ್ಮೆ ವಿವರಿಸಿದೆ. ಮೈಸೂರಿನಲ್ಲಿ ಹಲವು ವರ್ಷ ವೀಣೆ ಕಲಿತ ಅವರು ಆ ಹಲಗೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ನುಡಿಸೋಕೆ ಬರದೋರು ಮಾಡಿದ್ದು ಅಂತ ನೋಡಿದ್ರೇ ಗೊತ್ತಾಗತ್ತೆ ಬಿಡಿ" ಎಂದರು.

ಈ ವಾದ್ಯ ಡೆಟ್ರಾಯಿಟಿನ ಸಮೀಪದಲ್ಲಿರುವ ನಮ್ಮ ಮನೆಯನ್ನು ಹೊಕ್ಕಿದ್ದು ನನ್ನ ಮಗಳ ದೆಸೆಯಿಂದ. ಹಿಮ ಕರಗಿ ಬಿಸಿಲು ಬಿದ್ದಿತೆಂದರೆ ಈ ದೇಶದ ಗೃಹಸ್ಥರು ತಮಗೆ ಬೇಡವಾದ ಸಾಮಾನನ್ನೆಲ್ಲ ಗ್ಯಾರೇಜಿನ ಮುಂದೆ ಹರವಿಟ್ಟು ಕುಳಿತುಕೊಳ್ಳುವುದೂ, ಅದು ಬೇಕೆಂಬ ಬಯಕೆ ಅಲ್ಲಿಯವರೆಗೆ ಕನಸಿನಲ್ಲಿಯೂ ಇರದಿದ್ದ ದಾರಿಹೋಕರು ಅದನ್ನು ಹೊತ್ತುಕೊಂಡು ಹೋಗುವುದೂ ವಾಡಿಕೆ. ಹಾಗೆ ಒಂದು ಹೊತ್ತಿನ ಹೋಟೆಲು ಊಟದ ಬೆಲೆಗೆ ದೊರೆತ ಆ ಗಿಟಾರಿನ ತಲೆಯ ಮೇಲಿದ್ದ ತಯಾರಕರ ಹೆಸರನ್ನು ಯಾರೋ ಕೆರೆದುಹಾಕಿದ್ದರು. ಮೈಯೆಲ್ಲ ದಪ್ಪನೆಯ ಕೆಂಪು ಬಣ್ಣ. ಬುರುಡೆಯಿಲ್ಲವೆಂದು ಅತ್ತೆಯವರು ಆಕ್ಷೇಪಿಸಿದ ಆ ವಾದ್ಯದ ಎದೆಯ ಮೇಲೆ ಹಿಂದಿನ ಒಡೆಯನು ಬುರುಡೆಯದೇ ಒಂದು ಚಿತ್ರವನ್ನು ಅಂಟಿಸಿದ್ದನು. ಅಂಥದು ಮನೆಯೊಳಗೆ ಕೂಡದೆಂಬುದು ಅತ್ತೆಯವರ ಹಟ, ಬಣ್ಣ ತೆಗೆದು ಮರದ ಎಳೆ ಕಾಣುವಂತೆ ಮಾಡಬೇಕೆಂಬುದು ಮಗಳ ಹಂಬಲ. ಎರಡು ತಲೆಮಾರುಗಳ ಅಭಿಪ್ರಾಯ ಒಂದಾಗುವುದು ನಮ್ಮ ಮನೆಯಲ್ಲಿ ಅಪೂರ್ವವಾದುದರಿಂದ, ಕಾರ್ಯ ಆ ಶನಿವಾರವೇ ಆರಂಭವಾಯಿತು.

ಇದರಲ್ಲಿ ನನಗೆ ಸಹಜವಾದ ಒಂದು ಅಧಿಕಾರವಿತ್ತು. ಮೋಟಾರು ಕಾರುಗಳಿಗೆ ಬಣ್ಣ ಹಚ್ಚುವ ವಿದ್ಯೆಯೇ ನನ್ನ ಅನ್ನದ ಮಾರ್ಗ. ಗಿಟಾರಿನ ಬಣ್ಣವಾದರೋ ಕಾರಿನ ಬಣ್ಣದ ದಾಯಾದಿ. ಕುಂಚದಿಂದ ವಾರ್ನಿಶು ಬಳಿದು ವಾರಗಟ್ಟಲೆ ಒಣಗಿಸುತ್ತಿದ್ದ ಕಾಲವನ್ನು ಕೊನೆಗಾಣಿಸಿ, ಕೆಲವೇ ಗಂಟೆಗಳಲ್ಲಿ ಆರುವ ಡ್ಯೂಕೋ ಎಂಬ ನೈಟ್ರೋಸೆಲ್ಯುಲೋಸ್ ಮೆರುಗು 1924ರ ಓಕ್‌ಲ್ಯಾಂಡ್ ಕಾರುಗಳ ಮೇಲೆ ಕಾಣಿಸಿಕೊಂಡಿತು. ಮುಂದೆ ಗಿಟಾರಿನವರೂ ಅದೇ ಡಬ್ಬಿಗಳಿಗೆ ಕೈಹಾಕಿದರು. ಫೆಂಡರನ ಕಾರ್ಖಾನೆಯ ಸುಪ್ರಸಿದ್ಧವಾದ ಫಿಯೆಸ್ಟಾ ಕೆಂಪು 1956ರ ಥಂಡರ್‌ಬರ್ಡ್ ಕಾರಿನಿಂದ ಎರವಲು ತಂದದ್ದು. ಅರುವತ್ತರ ದಶಕದ ಕೊನೆಯಿಂದೀಚೆಗೆ ಪಾಲಿಯೆಸ್ಟರಿನ ದಪ್ಪ ಲೇಪ ಬಳಕೆಗೆ ಬಂದಿತು. ಅದು ಹಳೆಯ ಮೆರುಗಿಗಿಂತ ಬಹು ಗಟ್ಟಿ, ಬಹು ಮೊಂಡು. ವಾರವಿಡೀ ಕಬ್ಬಿಣದ ಮೇಲೆ ಬಣ್ಣ ನಿಲ್ಲಿಸಲು ಹೆಣಗುವವನು ಶನಿವಾರ ಮರದ ಮೇಲಿನ ಬಣ್ಣ ಬಿಡಿಸಲು ಹೆಣಗುವುದರಲ್ಲಿ ಏನೋ ಒಂದು ಕರ್ಮಶೇಷವಿರಬೇಕೆಂದು ನನ್ನ ಹೆಂಡತಿ ಹೇಳಿದಳು.

ಬಣ್ಣ ಕರಗಿಸುವ ದ್ರಾವಣಗಳಲ್ಲಿ ಮೆಥಿಲೀನ್ ಕ್ಲೋರೈಡು ಅತ್ಯಂತ ಸಮರ್ಥವಾದದ್ದು. ಅದರ ಹಬೆ ಪ್ರಾಣಕ್ಕೇ ಕುತ್ತೆಂದು 2019ರಲ್ಲಿ ಸರ್ಕಾರವು ಅಂಥ ದ್ರಾವಣವನ್ನು ಸಾಮಾನ್ಯ ಗ್ರಾಹಕರಿಗೆ ಮಾರಕೂಡದೆಂದು ವಿಧಿಸಿತು. ಈಗ ಅಂಗಡಿಯಲ್ಲಿ ದೊರೆಯುವುದು ಕಿತ್ತಳೆಯ ವಾಸನೆಯುಳ್ಳ ಒಂದು ಸಾಧು ಲೇಹ್ಯ. ಅದನ್ನು ಬಳಿದು ರಾತ್ರಿಯೆಲ್ಲ ಬಿಟ್ಟರೂ ಪಾಲಿಯೆಸ್ಟರು ಅಲುಗಲಿಲ್ಲ, ಗ್ಯಾರೇಜು ಮಾತ್ರ ಸುವಾಸನೆಯಿಂದ ತುಂಬಿತು. ಆದ್ದರಿಂದ ಬಿಸಿಗಾಳಿಯ ಗನ್ನನ್ನೇ ಹಿಡಿಯಬೇಕಾಯಿತು. ಒಂದೇ ಕಡೆ ತಡೆದರೆ ಮರ ಸುಡುತ್ತದೆ, ಅವಸರಪಟ್ಟರೆ ಬಣ್ಣ ಏಳುವುದಿಲ್ಲ. ಹದ ತಿಳಿದು ಸರಿಸುತ್ತ ಹೋದರೆ ಲೇಪವು ಗುಳ್ಳೆಯೆದ್ದು, ಅಂಚಿನಲ್ಲಿ ಪುಟ್ಟಿ ಬ್ಲೇಡನ್ನು ತೂರಿಸಿದೊಡನೆ ಹಪ್ಪಳದಂತೆ ಚಕ್ಕೆ ಚಕ್ಕೆಯಾಗಿ ಮೇಲೇಳುತ್ತದೆ.

ಈ ಕೆಲಸದ ಮೇಲ್ವಿಚಾರಣೆಗೆ ನಮ್ಮ ಮಾವನವರು ತಾವಾಗಿಯೇ ನಿಂತರು. ನಿಂತರೆನ್ನುವುದು ಗೌರವದ ಮಾತು. ಮಂಕಿಕ್ಯಾಪು ಧರಿಸಿ, ಮೂಗಿಗೆ ಟವೆಲು ಸುತ್ತಿ, ಮಡಿಸುವ ಕುರ್ಚಿಯೊಂದನ್ನು ಗ್ಯಾರೇಜಿನ ನಡುವೆ ಹಾಕಿಸಿಕೊಂಡು ಕುಳಿತರು. ಆರು ತಿಂಗಳ ಮಟ್ಟಿಗೆ ಬಂದಿದ್ದ ಈ ಹಿರಿಯರು ಅರಣ್ಯ ಇಲಾಖೆಯಲ್ಲಿ ಸೇವೆ ಮಾಡಿ, ದಾಂಡೇಲಿಯ ನಾಟಾ ಡಿಪೋ ಮೊದಲ್ಗೊಂಡು ಮಲೆನಾಡಿನ ಹಲವು ಕಡೆ ಇದ್ದು ನಿವೃತ್ತರಾದವರು. ಅಮೆರಿಕಕ್ಕೆ ಬಂದಂದಿನಿಂದ ಟೆಲಿವಿಷನ್ನಿನ ಮುಂದೆ ತೂಕಡಿಸುತ್ತಿದ್ದವರು, ಮರದ ಪುಡಿಯ ವಾಸನೆ ಮೂಗಿಗೆ ಬಿದ್ದೊಡನೆ ಹತ್ತು ವರ್ಷ ಹಿಂದಕ್ಕೆ ಹೋದರು.

ಕೆಂಪು ಬಣ್ಣದ ಕೆಳಗೆ ಕಂಡದ್ದು ಒಂದು ಹಲಗೆಯಲ್ಲ, ಅಂಟು ಹಾಕಿ ಕೂಡಿಸಿದ ಮೂರು. ದಟ್ಟ ಬಣ್ಣದ ಗಿಟಾರುಗಳಲ್ಲಿ ಇದು ಸರ್ವಸಾಮಾನ್ಯವೆಂದು ನಾನು ಸಮಾಧಾನ ಹೇಳಿದೆ. "ಆಗಬಹುದು ಅಳಿಯಂದಿರೆ, ಆದರೆ ಕಳ್ಳನಾಟಾದವರು ಕೂಡ ಇಷ್ಟು ಧೈರ್ಯವಾಗಿ ತೇಪೆ ಹಾಕ್ತಿರಲಿಲ್ಲ" ಎಂದು ಅವರು ಅದನ್ನು ತಮ್ಮ ಡೈರಿಯಲ್ಲಿ ಬರೆದುಕೊಂಡರು. ಮರ ಯಾವುದೆಂದು ಕೇಳಿದರು. ಆಶ್ ಎಂದೆ, ಈ ಮಿಷಿಗನ್ನಿನಲ್ಲಿ ಬೀದಿಬೀದಿಗೂ ಇದ್ದ ಮರ, ಆದರೆ ಏಷ್ಯಾದಿಂದ ಸರಕಿನ ಪೆಟ್ಟಿಗೆಗಳ ಮರದಲ್ಲಿ ಅಡಗಿ ಬಂದಿರಬಹುದಾದ ಒಂದು ಹಸಿರು ದುಂಬಿ 2002ರಲ್ಲಿ ಇದೇ ಡೆಟ್ರಾಯಿಟಿನ ಆಸುಪಾಸಿನಲ್ಲಿ ಪತ್ತೆಯಾಯಿತು, ಅದರ ಮರಿಹುಳುಗಳು ತೊಗಟೆಯ ಒಳಗೆ ಕೊರೆದು ಕೋಟಿಗಟ್ಟಲೆ ಮರಗಳನ್ನು ಕೊಂದವು, ನಮ್ಮ ಬೀದಿಯಲ್ಲಿ ಉಳಿದಿರುವುದು ಬುಡದ ಮೋಟುಗಳಷ್ಟೆ ಎಂದೂ ತಿಳಿಸಿದೆ. ಮಾವನವರು ಬಹಳ ಹೊತ್ತು ಮಾತನಾಡಲಿಲ್ಲ. ತರುವಾಯ, "ವಿಮಾನ ನಿಲ್ದಾಣದಲ್ಲಿ ನನ್ನ ಅಪ್ಪೆಮಿಡಿ ಉಪ್ಪಿನಕಾಯಿ ಜಾಡಿ ಬಿಚ್ಚಿಸಿ ಮೂಸಿ ನೋಡಿದರಲ್ಲ, ಆ ಹುಳುವನ್ನು ಹೇಗೆ ಬಿಟ್ಟರು?" ಎಂದರು. ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಆದರೆ ನಿಜವಾದ ಉಪದ್ರವ ಪ್ರಾರಂಭವಾದದ್ದು ನಾಲ್ಕು ತಿರುಪುಗಳನ್ನು ಬಿಚ್ಚಿ ಗಿಟಾರಿನ ಕುತ್ತಿಗೆಯನ್ನು ಬೇರ್ಪಡಿಸಿದ ಮೇಲೆ. ಅದರ ಮೇಲ್ಮೈಗೆ ಅಂಟಿಸಿದ್ದ ಕಪ್ಪುಮಿಶ್ರಿತ ಊದಾ ಬಣ್ಣದ ಪಟ್ಟಿಯನ್ನು ಮಾವನವರು ಬಿಸಿಲಿಗೆ ಹಿಡಿದು, ಕನ್ನಡಕ ಏರಿಸಿ, ಹೆಬ್ಬೆರಳನ್ನು ನಾಲಗೆಗೆ ತಾಕಿಸಿ ಒಂದು ಕಡೆ ಉಜ್ಜಿದರು. ಒದ್ದೆಯಾದ ಜಾಗದಲ್ಲಿ ನೇರಳೆ ಎಳೆಗಳು ಫಕ್ಕನೆ ಎದ್ದವು.

"ಇದು ನಮ್ಮ ಬೀಟೆ!"

ಅಸಂಭವವೇನೂ ಅಲ್ಲ. ಬ್ರೆಜಿಲಿನ ರೋಸ್‌ವುಡ್ಡು ದುರ್ಲಭವಾದ ಮೇಲೆ ಗಿಟಾರು ಮಾಡುವವರು ನೆಚ್ಚಿಕೊಂಡದ್ದು ನಮ್ಮ ಪಶ್ಚಿಮಘಟ್ಟದಲ್ಲಿ ಬೆಳೆಯುವ ಬೀಟೆಯನ್ನೇ. ಆದರೆ ಮಾವನವರಿಗೆ ಸಂಭವಾಸಂಭವಗಳ ಚರ್ಚೆ ಬೇಕಿರಲಿಲ್ಲ. ತಾವು ಸ್ವಹಸ್ತದಿಂದ ಸುತ್ತಿಗೆಯ ಮುದ್ರೆಯೊತ್ತಿ ಹರಾಜಿಗೆ ಬಿಟ್ಟ ಯಾವುದೋ ದಿಮ್ಮಿಯ ಅಂಶವೇ ಏಳು ಸಮುದ್ರ ದಾಟಿ ಮೊಮ್ಮಗಳ ಕೈ ಸೇರಿದೆಯೆಂಬ ಭಾವನೆ ಒಂದು ಕಡೆ, ಅದು ರಹದಾರಿ ಇಲ್ಲದೆ ಬಂದಿದ್ದರೆ ಗತಿಯೇನೆಂಬ ಇಲಾಖೆಯ ಸಂಸ್ಕಾರ ಇನ್ನೊಂದು ಕಡೆ, ಇವೆರಡರ ನಡುವೆ ಅವರು ತೊಳಲಿದರು. "ಪುಟ್ಟಿ, ಇದನ್ನು ಮಾರಿದವರು ಪಾಸು ಏನಾದರೂ ಕೊಟ್ಟರೇನೆ?" ಎಂದು ಕೇಳಿದರು. "ಅಜ್ಜ, ಅವರು ಚೇಂಜೇ ಕೊಡ್ಲಿಲ್ಲ" ಎಂದಳು ಮಗಳು.

ಅವರನ್ನು ಶಾಂತಗೊಳಿಸಲು ನಾನು ಸೈಟ್ಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ವೃತ್ತಾಂತ ತೆಗೆದೆ: 2017ರ ಜನವರಿಯಿಂದ ಬೀಟೆಯ ಕುಲಕ್ಕೆ ಸೇರಿದ ಎಲ್ಲ ಮರಗಳ ವ್ಯಾಪಾರಕ್ಕೂ ಆ ಒಪ್ಪಂದದ ಪ್ರಕಾರ ಕಾಗದಪತ್ರ ಬೇಕಾಯಿತೆಂದೂ, ವಾದ್ಯ ತಯಾರಕರು ಕಂಗಾಲಾದರೆಂದೂ, ಕಡೆಗೆ 2019ರಲ್ಲಿ ಪೂರ್ಣಗೊಂಡ ಸಂಗೀತವಾದ್ಯಗಳಿಗೆ ವಿನಾಯಿತಿ ದೊರೆಯಿತೆಂದೂ ಹೇಳಿದೆ. ಜಗತ್ತಿನ ಗಿಟಾರು ವಾದಕರೆಲ್ಲ ಒಮ್ಮೆಯಾದರೂ ಅರಣ್ಯದ ರಹದಾರಿಗಾಗಿ ಯೋಚಿಸಬೇಕಾಗಿ ಬಂದಿತೆಂಬ ಸುದ್ದಿ ಅವರಿಗೆ ಕೊಟ್ಟಷ್ಟು ಸಂತೋಷವನ್ನು ನಯಾಗರಾ ಜಲಪಾತ ಕೊಟ್ಟಿರಲಿಲ್ಲ. ವಿನಾಯಿತಿಯ ಭಾಗವನ್ನು ಅವರು ಕೇಳಿಸಿಕೊಂಡಂತೆ ತೋರಲಿಲ್ಲ. ಬೀಟೆಗೆ ಬಣ್ಣ ಮುಟ್ಟಿಸಕೂಡದೆಂದು ಆಜ್ಞೆಯಾಯಿತು. ಅದು ಹೇಗೂ ಶಾಸ್ತ್ರಸಮ್ಮತವೇ ಆದುದರಿಂದ ಪಾಲಿಸಿದೆವು.

ಒಡಲನ್ನು ಉಪ್ಪುಕಾಗದದಿಂದ ಉಜ್ಜುವ ಕೆಲಸದ ಬಗ್ಗೆ ಹೆಚ್ಚು ಹೇಳುವಂತಿಲ್ಲ. 80ರ ಒರಟಿನಿಂದ 120, 180ರ ಮೂಲಕ 220ರ ನಯಕ್ಕೆ, ಎಳೆಯ ದಿಕ್ಕಿನಲ್ಲೇ, ಮನೆಮಂದಿಯೆಲ್ಲ ಸರದಿಯ ಮೇಲೆ ಉಜ್ಜಿದರು. ಕೊನೆಗೆ ಒದ್ದೆಬಟ್ಟೆಯಿಂದ ಒರೆಸಿದರೆ ಮಲಗಿದ್ದ ಎಳೆಗಳು ಎದ್ದುನಿಲ್ಲುತ್ತವೆ; ಒಣಗಿದ ಮೇಲೆ ಅವನ್ನು ಮತ್ತೊಮ್ಮೆ ಸವರಿ ಕೆಡಹಬೇಕು. ಮರ ಹೀಗೆ ಬೆತ್ತಲಾಗಿ ಮೇಜಿನ ಮೇಲೆ ಮಲಗಿರುವಾಗ, ಬಣ್ಣ ಯಾವುದೆಂಬ ಪ್ರಶ್ನೆ ಎದ್ದಿತು. ಹಲಸಿನ ಮರದ ವೀಣೆಯ ಜೇನುಬಣ್ಣವಿರಲಿ ಎಂದರು ಅತ್ತೆ. ಬರಿಯ ಎಣ್ಣೆ ಸಾಕು, ಮರಕ್ಕೆ ಮರದ್ದೇ ಬಣ್ಣ ಎಂದರು ಮಾವ. ಕಡುನೀಲಿ ಎಂದಳು ಮಗಳು. ಈ ಮೂವರ ವಾದ ಊಟದ ಮೇಜಿನ ಮೇಲೆ ನಡೆಯುತ್ತಿರುವಾಗಲೇ ನನ್ನ ಹೆಂಡತಿ ಅಂಗಡಿಗೆ ಹೋಗಿ ವಾಲ್‌ನಟ್ ಬಣ್ಣದ ಎಣ್ಣೆಯ ಸ್ಟೇನಿನ ಡಬ್ಬಿಯೊಂದನ್ನು ತಂದು ಅದೇ ಮೇಜಿನ ಮೇಲಿಟ್ಟಳು. "ಊಟದ ಟೇಬಲ್ಲಿಗೆ ಮ್ಯಾಚ್ ಆಗತ್ತೆ" ಎಂಬುದು ಒಂದು ಕಾರಣ; "ಚಿಕ್ಕ ಡಬ್ಬಿಗೂ ದೊಡ್ಡದಕ್ಕೂ ರೇಟಿನಲ್ಲಿ ಅಂಥ ವ್ಯತ್ಯಾಸವೇ ಇರಲಿಲ್ಲ ರೀ" ಎಂಬುದು ಇನ್ನೊಂದು. ಇತಿಹಾಸದ ಮುಂದಿನ ಗತಿಯನ್ನು ನಿರ್ಣಯಿಸಿದ್ದು ಈ ಎರಡನೆಯ ಕಾರಣ.

ಏಕೆಂದರೆ ಅಂಥ ಒಂದು ಕ್ವಾರ್ಟಿನ ಡಬ್ಬಿ, ಅಂದರೆ 946 ಮಿಲಿಲೀಟರು, ಸುಮಾರು 150 ಚದರಡಿಗೆ ಸಾಲುತ್ತದೆ; ಗಿಟಾರಿನ ಒಡಲು ಮುಂಬದಿ, ಬೆಂಬದಿ, ಅಂಚು ಎಲ್ಲ ಸೇರಿ 3 ಚದರಡಿಯ ಸಮೀಪ.

ಸ್ಟೇನನ್ನು ಬಳಿದದ್ದು ಮಾವನವರ ಹಳೆಯ ಪಂಚೆಯ ಚಿಂದಿಯಿಂದ. ಉದಾರವಾಗಿ ಹಚ್ಚಿ, ಕೆಲವು ನಿಮಿಷ ಕುಡಿಯಲು ಬಿಟ್ಟು, ಮಿಕ್ಕದ್ದನ್ನು ಒರೆಸಿ ತೆಗೆಯುವುದೇ ಇದರ ಮರ್ಮ. ಆಶ್ ಮರದ ತೆರೆದ ರಂಧ್ರಗಳು ಬಣ್ಣವನ್ನು ಗಟಗಟನೆ ಹೀರಿ, ಎಳೆಗಳೆಲ್ಲ ಕಪ್ಪುಗೆರೆಗಳಾಗಿ ಮೂಡಿದವು. ಅಂಟು ಉಳಿದಿದ್ದ ಒಂದು ಸಂದಿಯಲ್ಲಿ ಮಾತ್ರ ಬಣ್ಣ ಹಿಡಿಯದೆ ಬೆಳ್ಳಗಿನ ಗೀರೊಂದು ನಿಂತಿತು. ಮಗಳಿಗೆ ಅದೇ ಇಷ್ಟವಾಯಿತು. ಅಡುಗೆಮನೆಯ ಬಟ್ಟೆಗಿಲ್ಲದ ಒಂದು ಅಪಾಯ ಈ ಚಿಂದಿಗಳಿಗುಂಟು: ಎಣ್ಣೆ ಗಾಳಿಯೊಡನೆ ಕೂಡಿ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಮಾಡಿ ಎಸೆದರೆ ಆ ಶಾಖ ಒಳಗೇ ಉಳಿದು, ಯಾರೂ ಕಡ್ಡಿ ಗೀರದಿದ್ದರೂ ಬೆಂಕಿ ಹತ್ತಬಹುದು. ಆದಕಾರಣ ಒಂದೊಂದು ಚಿಂದಿಯನ್ನೂ ಬಿಡಿಬಿಡಿಯಾಗಿ ಹಿತ್ತಲಿನ ಹಗ್ಗದ ಮೇಲೆ ಹರವಿದೆವು. ವಾರ ಕಳೆಯುವುದರೊಳಗೆ ಬಡಾವಣೆಯ ಮನೆಯೊಡೆಯರ ಸಂಘದಿಂದ ಪತ್ರ ಬಂದಿತು: ಹೊರಗೆ ಬಟ್ಟೆ ಒಣಹಾಕುವುದು ನಿಯಮಬಾಹಿರ. ಅದಕ್ಕೆ ಉತ್ತರ ಬರೆಯುವ ಹೊಣೆಯನ್ನು ಮಾವನವರು ಹೊತ್ತು, ಅಗ್ನಿಸುರಕ್ಷತೆ, ಸಾರ್ವಜನಿಕ ಹಿತ, ಪಂಚೆಯ ಪೂರ್ವೋತ್ತರಗಳನ್ನೊಳಗೊಂಡ ಒಂದು ಟಿಪ್ಪಣಿಯನ್ನು ಕಚೇರಿಯ ಇಂಗ್ಲಿಷಿನಲ್ಲಿ ರಚಿಸಿದರು. ಸಂಘವು ಮತ್ತೆ ಬರೆಯಲಿಲ್ಲ.

ಗಿಟಾರನ್ನು ಜೋಡಿಸಿದ ದಿನ ಅತ್ತೆಯವರು ಮಾಯಾಮಾಳವಗೌಳದ ಸರಳೆ ಹೇಳಿದರು, ಮಗಳು ಹುಡುಕಿ ಹುಡುಕಿ ನುಡಿಸಿದಳು. ವೀಣೆಯ 24 ಮೆಟ್ಟಿಲುಗಳಿಗೆ ಎದುರಾಗಿ ಇದಕ್ಕೆ 22 ಉಂಟು. ತಂತಿಯನ್ನು ಪಕ್ಕಕ್ಕೆಳೆದರೆ ಗಮಕವೂ ಅಷ್ಟಿಷ್ಟು ಒಲಿಯುತ್ತದೆ. "ಸ್ವರ ಪರವಾಗಿಲ್ಲ, ಬಣ್ಣ ಇನ್ನೊಂದು ಕೈ ಹಾಕ್ಬಹುದಿತ್ತು" ಎಂದರು ಅತ್ತೆ.

ಉಳಿದ ಬಣ್ಣವನ್ನು ಚೆಲ್ಲುವುದೆಂಬುದು ನನ್ನ ಹೆಂಡತಿಯ ಧರ್ಮಶಾಸ್ತ್ರದಲ್ಲಿಲ್ಲ. ಮೊದಲು ಚಪ್ಪಲಿಯ ಗೂಡು, ಬಳಿಕ ದೇವರ ಮಂಟಪ, ಊರಿನಿಂದ ತಂದ ಮಣೆಗಳು, ಚೆನ್ನೆಮಣೆ, ಅಂಚೆಪೆಟ್ಟಿಗೆಯ ಕಂಬ, ಹಿಮ ಎತ್ತುವ ಸಲಿಕೆಯ ಹಿಡಿ, ಇವೆಲ್ಲ ಅನುಕ್ರಮವಾಗಿ ವಾಲ್‌ನಟ್ ಬಣ್ಣವನ್ನು ಧರಿಸಿದವು. ಲಟ್ಟಣಿಗೆಯನ್ನು ಮಾತ್ರ ನಾನು ಅಡ್ಡಬಿದ್ದು ಉಳಿಸಿದೆ. ಕನ್ನಡ ಕೂಟದ ಗೆಳೆಯರೊಬ್ಬರು ಊಟಕ್ಕೆ ಬಂದವರು ಮಂಟಪವನ್ನೂ ಗಿಟಾರನ್ನೂ ಸಲಿಕೆಯನ್ನೂ ನೋಡಿ, "ಎಲ್ಲ ಒಂದೇ ಸೆಟ್ಟಿನಲ್ಲಿ ತಗೊಂಡ್ರಾ?" ಎಂದು ಕೇಳಿದರು. ಅತ್ತೆ ಮಾವಂದಿರು ಹೊರಡುವ ಕಾಲ ಬಂದಾಗ, ಊರಿನ ಮನೆಯ ತಲೆಬಾಗಿಲಿಗೆ ಆಗಬಹುದೆಂದು ಡಬ್ಬಿಯನ್ನು ಸೀರೆಗಳ ನಡುವೆ ಇಡುವ ಪ್ರಯತ್ನವೂ ನಡೆಯಿತು. ಹೊತ್ತಿಕೊಳ್ಳುವ ದ್ರವವನ್ನು ವಿಮಾನದಲ್ಲಿ ಒಯ್ಯಗೊಡುವುದಿಲ್ಲವೆಂದು ಹೇಳಿ ತೆಗೆಸಿದೆ. ರಹದಾರಿ ಸಿಗುವುದೇನೋ ವಿಚಾರಿಸಿ ಎಂದರು ಮಾವ.

ಡಬ್ಬಿಯಲ್ಲಿ ಈಗಲೂ ಅರ್ಧಕ್ಕೆ ಮೇಲಿದೆ. ಮೊನ್ನೆ ಮುಂದಿನ ಬೀದಿಯಲ್ಲಿ ಯಾರೋ ಸಾಮಾನು ಹರವಿದ್ದಾರೆಂದು ತಿಳಿದು ಹೆಂಡತಿ ಮಗಳನ್ನು ಕೂಗಿ, "ಇನ್ನೊಂದು ಹಳೇ ಗಿಟಾರ್ ಇದೆಯೇನೋ ನೋಡ್ಕೊಂಡು ಬಾರೇ" ಎಂದಳು.

"ಅಮ್ಮಾ, ನಾನೀಗ ಗಿಟಾರ್ ಬಿಟ್ಟು ಡ್ರಮ್ಸ್ ಶುರು ಮಾಡಿದೀನಿ."

"ಅದೂ ಮರದ್ದೇ ಅಲ್ವೇನೆ?"